ಮಾಸಿದ ಅಂಗಿಗೆ ನಾಲ್ಕು ಗಂಟು

ನಮ್ಮ ಮನೆಗಳಲ್ಲಿ ಬಟ್ಟೆಗೂ ಒಂದು ಸೇವಾವಧಿ ಇತ್ತು. ಹೊಸದಾಗಿ ಬಂದಾಗ ಅಂಚಿಗೆ ಅರಿಶಿನ ಹಚ್ಚಿಸಿಕೊಂಡು ದೇವರ ಮುಂದೆ ಕೂರುತ್ತಿತ್ತು. ಹಬ್ಬ, ಮದುವೆ, ಮುಂಜಿಗಳನ್ನು ಮುಗಿಸಿ ಪೇಟೆಗೆ ಹೋಗುವಾಗಿನ ಬಟ್ಟೆಯಾಗುತ್ತಿತ್ತು, ಆಮೇಲೆ ಮನೆಯಲ್ಲಿ ಉಡುವುದಾಗುತ್ತಿತ್ತು, ಹೀಗೆ ಒಂದೊಂದೇ ಮೆಟ್ಟಿಲು ಇಳಿಯುತ್ತಿತ್ತು. ನೂಲಿನ ಸೀರೆಯಾದರೆ ಮೆತ್ತಗಾದಷ್ಟೂ ಬೆಲೆ ಹೆಚ್ಚು. ಎಳೆಗೂಸಿನ ತೊಟ್ಟಿಲಿಗೆ, ಬಾಣಂತಿಯ ಸೊಂಟಕ್ಕೆ ಅದೇ ಬೇಕು. ಉತ್ತರ ಕರ್ನಾಟಕದ ಕಡೆ ಅದು ಕೌದಿಯ ಒಂದು ಪದರವಾಗುತ್ತಿತ್ತು. ಉಳಿದ ಚೂರು ಒಲೆಯ ಮೇಲಿನ ಪಾತ್ರೆ ಇಳಿಸುವ ಮಸಿಬಟ್ಟೆ, ಆಮೇಲೆ ನೆಲ ಒರೆಸುವ ಬಟ್ಟೆ, ಅಲ್ಲಿಗೆ ನಿವೃತ್ತಿ. ಹರಿಯದೆ ಮನೆ ಬಿಡುತ್ತಿದ್ದ ಬಟ್ಟೆ ಎಂದರೆ ಸ್ಟೀಲ್ ಪಾತ್ರೆಯವಳ ಗಂಟಿಗೆ ಸೇರಿದ್ದು ಮಾತ್ರ. ಅದಕ್ಕೂ ಅರ್ಧ ಗಂಟೆ ಚೌಕಾಸಿ ನಡೆಯುತ್ತಿತ್ತು.

ಈಗ ಬಟ್ಟೆ ಹರಿಯುವವರೆಗೆ ಯಾರೂ ಕಾಯುವುದಿಲ್ಲ. ಕಪಾಟಿನ ಕೆಳಗಿನ ಅರೆಯಿಂದ ಒಂದು ಅಂಗಿ ಎಳೆದು ನೋಡಿ. ಕಾಲರು ಗಟ್ಟಿಯಿದೆ, ಹೊಲಿಗೆ ಬಿಟ್ಟಿಲ್ಲ, ಗುಂಡಿ ಒಂದೂ ಉದುರಿಲ್ಲ. ಮತ್ತೆ ಯಾಕೆ ಹಾಕುವುದಿಲ್ಲ ಎಂದರೆ, ಬಿಳಿ ಹಳದಿಗೆ ತಿರುಗಿದೆ, ಎದೆಯ ಮೇಲೆ ಸಾರಿನ ಗುರುತಿದೆ, ಕರಿ ಟೀ ಶರ್ಟು ಬೂದಿ ಬಡಿದಂತಾಗಿದೆ. ಹತ್ತಿ ಇನ್ನೂ ಎಷ್ಟೋ ವರ್ಷ ಬಾಳುವಂತಿದ್ದು, ಮುಪ್ಪು ಬಂದಿರುವುದು ಬಣ್ಣಕ್ಕೆ ಮಾತ್ರ. ಗೋಡೆಯ ಸುಣ್ಣ ಮಾಸಿದರೆ ಮತ್ತೆ ಬಳಿಯುತ್ತೇವೆ, ಮನೆ ಕೆಡವುವುದಿಲ್ಲ. ಅಂಗಿಯ ವಿಷಯದಲ್ಲಿ ಮಾತ್ರ ಮನೆಯನ್ನೇ ಕೆಡವುವ ಅಭ್ಯಾಸ ಬೆಳೆಸಿಕೊಂಡಿದ್ದೇವೆ.

ಇಂಥ ಬಟ್ಟೆಗೆ ಮನೆಯಲ್ಲೇ ಮಾಡಬಹುದಾದ ಉಪಾಯ ಟೈ ಅಂಡ್ ಡೈ. ಬಟ್ಟೆಯನ್ನು ಅಲ್ಲಲ್ಲಿ ಬಿಗಿಯಾಗಿ ಕಟ್ಟಿ ಬಣ್ಣಕ್ಕೆ ಹಾಕಿದರೆ ಕಟ್ಟಿದ ಜಾಗಕ್ಕೆ ಬಣ್ಣ ಇಳಿಯುವುದಿಲ್ಲ. ಗಂಟು ಬಿಚ್ಚಿದಾಗ ಅಲ್ಲಿ ಹಳೆ ಬಟ್ಟೆಯೇ ಚುಕ್ಕಿಯಾಗಿ, ಉಂಗುರವಾಗಿ, ಪಟ್ಟೆಯಾಗಿ ಉಳಿದಿರುತ್ತದೆ. ಇಡೀ ಬಟ್ಟೆಗೆ ಒಂದೇ ಬಣ್ಣ ಹಾಕುವುದಕ್ಕಿಂತ ಹಳತಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ. ಒಂದೇ ಬಣ್ಣ ಹಾಕಿದರೆ ಮೊದಲಿನ ಮಾಸಲು, ಕಲೆ ಎಲ್ಲವೂ ಕೆಳಗಿನಿಂದ ಇಣುಕುತ್ತವೆ. ಮನೆಯ ಬಕೆಟ್ಟಿನಲ್ಲಿ ಎಲ್ಲ ಕಡೆಗೂ ಬಣ್ಣ ಸಮನಾಗಿ ಕೂರಿಸುವುದೂ ಕಷ್ಟ. ಗಂಟು ಕಟ್ಟಿದ ಬಟ್ಟೆಯಲ್ಲಿ ಆ ಏರುಪೇರೇ ವಿನ್ಯಾಸ, ಯಾರೂ ಆಡಿಕೊಳ್ಳುವುದಿಲ್ಲ.

ಆದರೆ ಗಂಟಿಗೆ ಮೊದಲು ಇನ್ನೊಂದು ಪ್ರಶ್ನೆ ಇದೆ. ನಮ್ಮ ಊರುಗಳಲ್ಲಿ ‘ಡ್ರೈ ಕ್ಲೀನರ್ಸ್ ಅಂಡ್ ಡೈಯರ್ಸ್’ ಎಂಬ ಬೋರ್ಡುಗಳು ಇನ್ನೂ ಅಲ್ಲಲ್ಲಿ ಕಾಣುತ್ತವೆ. ಎಷ್ಟೋ ಕಡೆ ಬೋರ್ಡಿನ ಎರಡನೇ ಅರ್ಧಕ್ಕೆ ಈಗ ಕೆಲಸವಿಲ್ಲ. ಕೆಲಸ ಬಲ್ಲ ಹಿರಿಯರು ಇರುವ ಅಂಗಡಿಗೆ ಹೋಗಿ ಸೀರೆ ಮುಂದಿಟ್ಟರೆ ಅವರು ಬಣ್ಣದ ಮಾತನ್ನೇ ಎತ್ತುವುದಿಲ್ಲ. ಸೆರಗನ್ನು ಎರಡು ಬೆರಳ ನಡುವೆ ಉಜ್ಜಿ, “ಕಾಟನ್ನಾ ಅಮ್ಮಾ, ಮಿಕ್ಸಾ?” ಎಂದು ಕೇಳುತ್ತಾರೆ. ಇಡೀ ವ್ಯವಹಾರ ನಿಂತಿರುವುದು ಆ ಪ್ರಶ್ನೆಯ ಮೇಲೆ.

ಉತ್ತರ ಗೊತ್ತಿಲ್ಲದಿದ್ದರೆ ಬೆಂಕಿಯನ್ನು ಕೇಳಬಹುದು. ಬಟ್ಟೆಯ ಒಳಮಡಿಕೆಯಿಂದ ಒಂದೆರಡು ಎಳೆ ಬಿಡಿಸಿ, ಇಕ್ಕಳದಲ್ಲಿ ಹಿಡಿದು, ನೀರಿನ ತಟ್ಟೆಯ ಮೇಲೆ ಕಡ್ಡಿ ಗೀರಿ. ಹತ್ತಿಯಾದರೆ ಕಾಗದದ ವಾಸನೆ ಬಂದು ಸರಸರ ಉರಿದು ಮೆತ್ತನೆಯ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಮುದುಡಿ, ಕರಗಿ, ತುದಿಯಲ್ಲಿ ಸಾಸಿವೆಯಷ್ಟು ಗಟ್ಟಿ ಮಣಿ ಉಳಿಯುತ್ತದೆ. ರೇಷ್ಮೆ, ಉಣ್ಣೆಗಳಿಗೆ ಕೂದಲು ಸುಟ್ಟ ವಾಸನೆ. ಮಣಿ ಕಟ್ಟಿದ ಬಟ್ಟೆಯನ್ನು ಅಲ್ಲೇ ಕೈಬಿಡುವುದು ಜಾಣತನ. ಪಾಲಿಯೆಸ್ಟರಿಗೆ ಬೇರೆಯೇ ಜಾತಿಯ ಬಣ್ಣ ಬೇಕು, ಕಾರ್ಖಾನೆಗಳಲ್ಲಿ ಅದನ್ನು ಒತ್ತಡದ ಪಾತ್ರೆಯಲ್ಲಿಟ್ಟು ಸುಮಾರು 130 ಡಿಗ್ರಿ ಕಾವಿನಲ್ಲಿ ಬೇಯಿಸುತ್ತಾರೆ. ನಮ್ಮ ಬಕೆಟ್ಟಿನ ಬಣ್ಣ ಅದರ ಮೇಲೆ ಒಂದು ರಾತ್ರಿ ಮಲಗಿ ಬೆಳಿಗ್ಗೆ ಎದ್ದು ಚರಂಡಿಗೆ ಹೋಗುತ್ತದೆ. ಅರ್ಧ ಹತ್ತಿ, ಅರ್ಧ ಪಾಲಿಯೆಸ್ಟರ್ ಇರುವ ಶಾಲೆಯ ಯೂನಿಫಾರಂ ಅಂಗಿ ಅರ್ಧ ಮಾತ್ರ ಬಣ್ಣ ಕುಡಿದು ಪೇಲವವಾಗಿ ನಿಲ್ಲುತ್ತದೆ.

ಅಚ್ಚ ಹತ್ತಿಯ ಅಂಗಿಯಲ್ಲೂ ಈ ಕರಾಮತ್ತು ಕಣ್ಣಿಗೆ ಬೀಳುತ್ತದೆ. ಬಿಳಿ ಅಂಗಿಗೆ ಕಡುನೀಲಿ ಹಾಕಿ ಒಣಗಿಸಿದ ಮೇಲೆ ಹತ್ತಿರದಿಂದ ನೋಡಿದರೆ ಕಾಲರಿನ ಸುತ್ತ, ಜೇಬಿನ ಅಂಚಿನಲ್ಲಿ, ಕಾಜದ ಬದಿಯಲ್ಲಿ ಬಿಳಿ ಹೊಲಿಗೆ ಹಲ್ಲು ಬಿಟ್ಟಂತೆ ಎದ್ದು ಕಾಣುತ್ತದೆ. ಬಟ್ಟೆ ಹತ್ತಿಯದಾದರೂ ಹೊಲಿದ ದಾರ ಪಾಲಿಯೆಸ್ಟರಿನದು. ಕತ್ತಿನ ಹಿಂದಿನ ಚೀಟಿಯೂ ಹಾಗೇ ಬೆಳ್ಳಗೆ ಉಳಿಯುತ್ತದೆ. ನನಗೆ ಅದು ಚೆಂದವೇ ಕಾಣುತ್ತದೆ. ಬೇಡ ಎನ್ನುವವರು ಮೊದಲೇ ತಿಳಿದಿರಲಿ.

ಇನ್ನು ಬಣ್ಣ. ಸೌದೆ ಒಲೆ, ಕುದಿಯುವ ಹಂಡೆ ಇಲ್ಲದೆ ತಣ್ಣೀರಿನಲ್ಲೇ ಹತ್ತಿಗೆ ಬಣ್ಣ ಕೂರಿಸುವ ಅನುಕೂಲ ಬಂದದ್ದು ರಿಯಾಕ್ಟಿವ್ ಡೈಗಳಿಂದ. ಇಂಗ್ಲೆಂಡಿನ ಐಸಿಐ ಕಂಪನಿ 1956ರಲ್ಲಿ ಪ್ರೊಸಿಯಾನ್ ಎಂಬ ಹೆಸರಿನಲ್ಲಿ ಇವನ್ನು ಮಾರುಕಟ್ಟೆಗೆ ತಂದಿತು. ಹಳೆಯ ಬಣ್ಣಗಳು ಎಳೆಯ ಮೇಲೆ ಅಂಟಿಕೊಂಡು ಕೂರುತ್ತಿದ್ದವು. ಇವು ಹತ್ತಿಯ ಕಣದ ಜೊತೆ ರಾಸಾಯನಿಕವಾಗಿಯೇ ಬೆಸೆದುಕೊಳ್ಳುತ್ತವೆ. ಆ ಬೆಸುಗೆಗೆ ಕ್ಷಾರ ಬೇಕು, ಅಂದರೆ ವಾಷಿಂಗ್ ಸೋಡಾ. ಬಜ್ಜಿಗೆ ಹಾಕುವ ಅಡಿಗೆ ಸೋಡಾ ಬೇರೆ, ಅದರ ಕ್ಷಾರ ಈ ಕೆಲಸಕ್ಕೆ ಸಾಲದು.

ಇಲ್ಲಿ ನಮ್ಮಲ್ಲಿ ಬೇರೂರಿದ ಒಂದು ನಂಬಿಕೆಗೆ ಎದುರಾಡಬೇಕಿದೆ. ಉಪ್ಪು ನೀರಿನಲ್ಲೋ ವಿನೆಗರಿನಲ್ಲೋ ನೆನೆಸಿದರೆ ಬಣ್ಣ ‘ನಿಲ್ಲುತ್ತದೆ’ ಎಂದು ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರೂ ಹೇಳುತ್ತಾರೆ. ವಿನೆಗರಿನ ಹುಳಿ ಉಪಯೋಗಕ್ಕೆ ಬರುವುದು ರೇಷ್ಮೆ, ಉಣ್ಣೆಗಳಿಗೆ ಹಾಕುವ ಆಸಿಡ್ ಬಣ್ಣಗಳಿಗೆ. ಹತ್ತಿಯ ರಿಯಾಕ್ಟಿವ್ ಬಣ್ಣಕ್ಕೆ ಹುಳಿ ಸುರಿದರೆ ಕ್ಷಾರವೇ ಸತ್ತು ಕೆಲಸ ಕೆಡುತ್ತದೆ. ಉಪ್ಪು ಬಣ್ಣದ ನೀರಿನಿಂದ ಬಣ್ಣವನ್ನು ಎಳೆಯ ಕಡೆಗೆ ತಳ್ಳುತ್ತದೆ, ನಿಜ. ಆದರೆ ಒಮ್ಮೆ ಕೆಟ್ಟದಾಗಿ ಬಣ್ಣ ಹಾಕಿದ ಅಂಗಡಿ ಬಟ್ಟೆಯನ್ನು ಉಪ್ಪು ನೀರು ಶಾಶ್ವತವಾಗಿ ಸರಿಪಡಿಸಲಾರದು. ನಂಬಿಕೆ ಎಷ್ಟು ಹಳೆಯದಾದರೇನು, ಬಿಟ್ಟ ಬಣ್ಣ ಬಿಟ್ಟದ್ದೇ.

ಮಾಡುವ ಕ್ರಮ ದೊಡ್ಡದೇನಲ್ಲ. ಮೊದಲು ಬಟ್ಟೆಯನ್ನು ಚೆನ್ನಾಗಿ ಒಗೆದು ಗಂಜಿ, ಎಣ್ಣೆಯಂಶ ತೆಗೆಯಬೇಕು. ಲೀಟರ್ ನೀರಿಗೆ ಸುಮಾರು 50 ಗ್ರಾಂ ಸೋಡಾ ಆ್ಯಶ್ ಪುಡಿ ಕದಡಿ (ಹರಳು ಹರಳಾದ ವಾಷಿಂಗ್ ಸೋಡಾದಲ್ಲಿ ನೀರಿನಂಶ ಹೆಚ್ಚು, ಅದಾದರೆ ಎರಡೂವರೆ ಪಟ್ಟಿಗಿಂತ ತುಸು ಜಾಸ್ತಿ ಬೇಕು) ಬಟ್ಟೆಯನ್ನು ಕಾಲು ಗಂಟೆ ನೆನೆಸಿ ಹಿಂಡಬೇಕು. ಆಮೇಲೆ ಕಟ್ಟುವುದು. ಕಾಲು ಲೀಟರ್ ನೀರಿಗೆ ಒಂದೆರಡು ಚಹಾ ಚಮಚ ಬಣ್ಣ ಕದಡಿ, ಸಾಸ್ ಬಾಟಲಿಯಂಥ ಮೂತಿಯಿರುವ ಬಾಟಲಿಯಿಂದ ಮಡಿಕೆಗಳ ಒಳಕ್ಕೆ ಇಳಿಯುವಂತೆ ಹುಯ್ಯಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದು ರಾತ್ರಿ ಬಿಡಬೇಕು. ಒಣಗಿದರೆ ಬೆಸುಗೆ ನಿಂತುಹೋಗುತ್ತದೆ, ಚೀಲ ಅದಕ್ಕಾಗಿ. ಬೆಳಿಗ್ಗೆ ಗಂಟು ಬಿಚ್ಚುವ ಮುಂಚೆ ತಣ್ಣೀರಿನಲ್ಲಿ ತೊಳೆದು, ಬಿಚ್ಚಿದ ಮೇಲೆ ಬಿಸಿನೀರಿನಲ್ಲಿ ಸೋಪು ಹಾಕಿ ಒಗೆಯಬೇಕು. ಬಣ್ಣದ ಪುಡಿ ಮೂಗಿಗೆ ಹೋದರೆ ಕೆಲವರಿಗೆ ಅಲರ್ಜಿ ಆಗುತ್ತದೆ. ಮೂಗಿಗೆ ಬಟ್ಟೆ, ಕೈಗೆ ಗವಸು ಬೇಕೇ ಬೇಕು. ಅಡಿಗೆಯ ಪಾತ್ರೆ, ಸೌಟು ಇದಕ್ಕೆ ಮುಟ್ಟಿಸಬಾರದು. ರೇಷ್ಮೆ ಸೀರೆಯನ್ನಂತೂ ಈ ಸೋಡಾ ನೀರಿನ ಹತ್ತಿರವೂ ತರಬೇಡಿ, ಕ್ಷಾರಕ್ಕೆ ರೇಷ್ಮೆ ಹಾಳಾಗುತ್ತದೆ.

ಕಟ್ಟುವ ಕೆಲಸದಲ್ಲೇ ಮಜಾ ಇರುವುದು. ಅಂಗಿಯ ನಡುವೆ ಎರಡು ಬೆರಳಿಟ್ಟು ಚಕ್ಕುಲಿಯ ಹಾಗೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದರೆ ಸುಳಿ ಬರುತ್ತದೆ. ಉದ್ದಕ್ಕೆ ನೆರಿಗೆ ಹಿಡಿದು ಅಲ್ಲಲ್ಲಿ ಬಿಗಿದರೆ ಪಟ್ಟೆ. ಹುಣಸೆ ಬೀಜವನ್ನೋ ಬೆಣಚುಕಲ್ಲನ್ನೋ ಒಳಗಿಟ್ಟು ದಾರ ಸುತ್ತಿದರೆ ಉಂಗುರ. ಕಡಲೆಕಾಳು ಬೇಡ, ನೆನೆದು ಊದಿಕೊಂಡು ದಾರ ಹರಿಯುತ್ತದೆ. ಕಲೆ ಬಿದ್ದ ಜಾಗವನ್ನು ಗಂಟಿನ ಒಳಗೆ ಬಚ್ಚಿಡಬೇಕು ಎಂದು ಮೊದಲಿಗೆ ತೋರುತ್ತದೆ. ಲೆಕ್ಕ ಉಲ್ಟಾ. ಗಂಟಿನೊಳಗೆ ಇದ್ದದ್ದು ಬಣ್ಣ ತಾಗದೆ ಹಾಗೇ ಹೊರಬರುತ್ತದೆ, ಚೌಕಟ್ಟು ಹಾಕಿ ತೋರಿಸಿದಂತಾಗುತ್ತದೆ. ಕಲೆ ಬಣ್ಣಕ್ಕೆ ಎದುರಾಗಿ ಹೊರಗಿರಬೇಕು, ಅದರ ಮೇಲೆ ಬೀಳುವ ಬಣ್ಣವೂ ಕಡುವಾಗಿರಬೇಕು. ಎಣ್ಣೆಯ ಕಲೆಗೆ ಇದೂ ನಡೆಯದು, ಎಣ್ಣೆ ಬಣ್ಣವನ್ನು ಹತ್ತಿರ ಸೇರಿಸುವುದಿಲ್ಲ.

ಬಣ್ಣಗಳ ಜೋಡಣೆಯಲ್ಲಿ ಆಸೆಬುರುಕತನ ಬೇಡ. ಹಳದಿಯ ಪಕ್ಕ ನೀಲಿ ಇಟ್ಟರೆ ನಡುವೆ ಹಸಿರು ಹುಟ್ಟುತ್ತದೆ, ಹಳದಿ ಕೆಂಪಿನ ನಡುವೆ ಕಿತ್ತಳೆ. ಹಸಿರು ಕೆಂಪು ಕೂಡಿದರೆ, ನೇರಳೆ ಹಳದಿ ಕೂಡಿದರೆ ಗದ್ದೆಯ ಕೆಸರು. ಬಣ್ಣ ಹಾಕುವುದೆಂದರೆ ಮೊದಲೇ ಇರುವುದರ ಮೇಲೆ ಇನ್ನೊಂದನ್ನು ಸೇರಿಸುವುದಷ್ಟೇ. ನೀಲಿ ಅಂಗಿಯನ್ನು ಹಳದಿ ಮಾಡಲಾಗದು, ಹಸಿರಾಗಿಸಬಹುದು. ಮಾಸಿದ ಕರಿ ಟೀ ಶರ್ಟಿಗೆ ಮತ್ತೆ ಕರಿಯೇ ಗತಿ.

ಈ ವಿದ್ಯೆ ಅಮೆರಿಕದಿಂದ ಬಂತು ಎಂದು ಕಾಲೇಜು ಹುಡುಗರು ತಿಳಿದಿದ್ದಾರೆ. 1969ರ ವುಡ್‌ಸ್ಟಾಕ್ ಸಂಗೀತೋತ್ಸವದ ಹಿಪ್ಪಿಗಳ ಫೋಟೋಗಳು ಆ ಭಾವನೆ ಬೆಳೆಸಿವೆ. ನಮ್ಮಲ್ಲಿ ಏಳನೇ ಶತಮಾನದ ಬಾಣಭಟ್ಟನೇ ಹರ್ಷಚರಿತದಲ್ಲಿ ರಾಜ್ಯಶ್ರೀಯ ಮದುವೆಯ ಸಡಗರ ಹೇಳುವಾಗ ಬಟ್ಟೆಗೆ ಗಂಟು ಕಟ್ಟಿ ಬಣ್ಣ ಹಾಕುವುದನ್ನು ಬಿಟ್ಟಿಲ್ಲ. ಕಛ್, ಜಾಮ್‌ನಗರ, ರಾಜಸ್ಥಾನಗಳ ಬಾಂಧಣಿ ಕಟ್ಟುವ ಹೆಂಗಸರು ಕಿರುಬೆರಳಿನ ಉಗುರನ್ನು ಉದ್ದ ಬಿಡುತ್ತಾರೆ, ಇಲ್ಲವೇ ಚೂಪು ಮೂತಿಯ ಲೋಹದ ಉಂಗುರ ಹಾಕಿಕೊಳ್ಳುತ್ತಾರೆ. ಆ ತುದಿಯಿಂದ ಬಟ್ಟೆಯನ್ನು ಕಾಳಿನಷ್ಟು ಎತ್ತಿ ದಾರ ಸುತ್ತುತ್ತಾರೆ, ಒಂದು ಗಂಟಿನಿಂದ ಇನ್ನೊಂದಕ್ಕೆ ಅದೇ ದಾರ ಕಡಿಯದೆ ಹಾಯುತ್ತದೆ. ಒಂದು ಸೀರೆಗೆ ಸಾವಿರಾರು ಗಂಟು. ಮೊದಲು ಹಳದಿ, ಹಳದಿಯಾಗಿ ಉಳಿಯಬೇಕಾದಲ್ಲಿ ಮತ್ತೆ ಗಂಟು, ಆಮೇಲೆ ಕೆಂಪು, ಕೊನೆಗೆ ಕಪ್ಪು. ಎಷ್ಟೋ ಸಲ ಗಂಟು ಬಿಚ್ಚದೆಯೇ ಮಾರುತ್ತಾರೆ. ಅಂಗಡಿಯವನು ಎರಡೂ ತುದಿ ಹಿಡಿದು ಜಗ್ಗಿದಾಗ ಪಟಪಟನೆ ದಾರ ಹಾರಿ ಚುಕ್ಕಿಗಳು ಅರಳುತ್ತವೆ. ಗಂಟಿದ್ದದ್ದು ಕೈಕೆಲಸ ಎನ್ನುವುದಕ್ಕೆ ಸಾಕ್ಷಿ. ನಮ್ಮ ಅಮ್ಮಂದಿರು ಬೇಸಿಗೆಯಲ್ಲಿ ಉಡುತ್ತಿದ್ದ ಮಧುರೆಯ ಸುಂಗುಡಿ ಸೀರೆಯೂ ಇದೇ ಕುಲದ್ದು. ಅಲ್ಲಿನ ಸೌರಾಷ್ಟ್ರ ಸಮುದಾಯದವರ ಕೈಕಸುಬು, 2005ರಲ್ಲಿ ಭೌಗೋಳಿಕ ಗುರುತು ಪಡೆದಿದೆ. ಈಗ ಸುಂಗುಡಿ ಎಂದು ಬರುವುದರಲ್ಲಿ ಬಹುಪಾಲು ಮೇಣ ಒತ್ತಿ ಅಚ್ಚು ಹಾಕಿದ್ದು, ಕೈಯಲ್ಲಿ ಗಂಟು ಕಟ್ಟಿದ್ದು ಅಪರೂಪ.

ಅಂಗಡಿಗಳಲ್ಲಿ ಸಿಗುವ ಟೈ ಅಂಡ್ ಡೈ ಟೀ ಶರ್ಟುಗಳ ಕತೆಯೂ ಹೀಗೆಯೇ. ಒಳಮಗ್ಗುಲು ತಿರುಗಿಸಿ ನೋಡಿ. ಹೊರಗೆ ಝಗಝಗಿಸುವ ಸುಳಿ ಒಳಗೆ ಮಸುಕಾಗಿದ್ದರೆ ಅದು ಗಂಟಿನ ಚಿತ್ರ ಬಿಡಿಸಿ ಮೆಷಿನ್ನಿನಲ್ಲಿ ಅಚ್ಚು ಹಾಕಿದ್ದು. ಎಲ್ಲಿಯೂ ಕಟ್ಟದ ಬಟ್ಟೆಗೆ ಕಟ್ಟಿದ ಹಾಗೆ ವೇಷ ಹಾಕಿ ದುಡ್ಡು ಕೀಳುವುದಕ್ಕಿಂತ, ನಿಮ್ಮದೇ ಹಳೆ ಬನಿಯನ್ನಿನ ಮೇಲೆ ಮೂಡಿದ ಅಂಕುಡೊಂಕು ಉಂಗುರ ಮೇಲು ಎಂದು ನಾನು ಸಾರಾಸಗಟು ಹೇಳುತ್ತೇನೆ.

ರಾಸಾಯನಿಕ ಬಣ್ಣ ಒಲ್ಲದವರಿಗೆ ನಮ್ಮ ನೆಲದಲ್ಲೇ ದಾರಿಯಿದೆ. ಮಲೆನಾಡಿನಲ್ಲಿ ಅಡಿಕೆ ಸುಲಿಯಲು ಕೂರುವವರು ಹಳೆ ಬಟ್ಟೆಯನ್ನೇ ಉಡುತ್ತಾರೆ, ಹಸಿ ಅಡಿಕೆಯ ರಸ ತಾಗಿದರೆ ಏನು ಮಾಡಿದರೂ ಹೋಗುವುದಿಲ್ಲ. ಸುಲಿದ ಅಡಿಕೆಯನ್ನು ಬೇಯಿಸಿದ ನೀರನ್ನೇ ಮತ್ತೆ ಮತ್ತೆ ಬಳಸಿದಾಗ ಕೆಂಪಗೆ ಮಂದವಾಗಿ ಉಳಿಯುವುದು ಚೊಗರು. ಅದರ ಟ್ಯಾನಿನ್ ಅಂಶವೇ ಬಣ್ಣಕ್ಕೆ ಹಿಡಿತ ಕೊಡುವುದು. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಕಟ್ಟಿದ ‘ಚರಕ’ ಮಹಿಳಾ ಸಹಕಾರ ಸಂಘ ಈ ಅಡಿಕೆ ಚೊಗರನ್ನೇ ಕೈಮಗ್ಗದ ಬಟ್ಟೆಗೆ ಬಣ್ಣವಾಗಿಸಿ, ‘ದೇಸಿ’ ಅಂಗಡಿಗಳ ಮೂಲಕ ಪೇಟೆಯವರ ಮೈಗೇರಿಸಿತು. ಉಳಿದವರು ಗ್ರಂಥಿಗೆ ಅಂಗಡಿಯಿಂದ ಅಳಲೆಕಾಯಿ, ಪಟಿಕ ತಂದರೆ ಸಾಕು. ಅಳಲೆಕಾಯಿ ನೀರಿನಲ್ಲಿ ನೆನೆಸಿ ಪಟಿಕದ ನೀರಿಗೆ ಹಾಕಿದ ಬಟ್ಟೆಯನ್ನು ಈರುಳ್ಳಿ ಸಿಪ್ಪೆಯೊಂದಿಗೆ ಕುದಿಸಿದರೆ ಬಂಗಾರದ ಹಳದಿ ಬರುತ್ತದೆ. ಪಟಿಕದ ಬದಲು ತುಕ್ಕು ಮೊಳೆ ನೆನೆಸಿದ ನೀರಿಗೆ ಅದ್ದಿದರೆ ಕಣ್ಣೆದುರೇ ಬೂದು, ಕಪ್ಪು. ಹಿಂದಿನವರು ಅಳಲೆಕಾಯಿಯಿಂದ ಶಾಯಿ ಮಾಡಿಕೊಳ್ಳುತ್ತಿದ್ದುದೂ ಕಬ್ಬಿಣದ ಈ ಗುಣ ನಂಬಿಯೇ.

ಅರಿಶಿನವನ್ನು ಮಾತ್ರ ನಂಬಬೇಡಿ. ಹಚ್ಚಿದ ದಿನ ಕಣ್ಣು ಕುಕ್ಕುತ್ತದೆ, ನಾಲ್ಕು ಬಿಸಿಲಿಗೆ ಹಾರಿಹೋಗುತ್ತದೆ. ಸೋಪು ತಾಗಿದರೆ ಕೆಂಪಾಗಿ ಗಾಬರಿ ಹುಟ್ಟಿಸುತ್ತದೆ. ಆರತಿ ತಟ್ಟೆಯಲ್ಲಿ ಅರಿಶಿನಕ್ಕೆ ಸುಣ್ಣ ಬೆರೆತು ಕೆಂಪು ನೀರಾಗುವುದು ಇದೇ ಕಾರಣಕ್ಕೆ. ಹಾಗಾಗಿ ಅಂಗಿಯ ಮೇಲಿರುವುದು ಸಾಂಬಾರಿನ ಅರಿಶಿನದ ಗುರುತಾದರೆ ಬಣ್ಣ ಹಾಕುವ ಮುಂಚೆ ಒಗೆದು ಎರಡು ದಿನ ಬಿಸಿಲಿಗೆ ಹರವಿ. ಅರ್ಧ ಕೆಲಸ ಸೂರ್ಯನೇ ಮಾಡಿಕೊಡುತ್ತಾನೆ.

ಇಷ್ಟೆಲ್ಲ ಹೇಳಿ ನೀರಿನ ಮಾತು ಬಿಟ್ಟರೆ ತಪ್ಪಾಗುತ್ತದೆ. ಕಾವೇರಿಯ ಉಪನದಿ ನೊಯ್ಯಲ್ ತಿರುಪ್ಪೂರಿನ ಬಣ್ಣದ ಘಟಕಗಳ ಕೊಳೆ ಹೊತ್ತು ಸಾಯುವ ಸ್ಥಿತಿಗೆ ಬಂದದ್ದು, ಕೃಷಿಗೆಂದು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟು ಬಣ್ಣದ ನೀರಿನ ಗುಂಡಿಯಾದದ್ದು, ರೈತರು ಕೋರ್ಟಿಗೆ ಹೋಗಿ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಆ ಘಟಕಗಳನ್ನು ಮುಚ್ಚಿಸಿದ್ದು ಮರೆಯುವಂಥ ಸುದ್ದಿಯಲ್ಲ. ಹೊಸ ಬಟ್ಟೆಯ ಪ್ರತಿಯೊಂದು ಬಣ್ಣದ ಹಿಂದೆ ಇಂಥ ಒಂದು ಹೊಳೆ ಎಲ್ಲಿಯೋ ಇರುತ್ತದೆ. ಇರುವ ಅಂಗಿಯನ್ನು ಇನ್ನೆರಡು ವರ್ಷ ತೊಡುವುದರ ನಿಜವಾದ ಲಾಭ ಅಲ್ಲಿದೆ, ಉಳಿಯುವ ನಾಲ್ಕೈದು ನೂರು ರೂಪಾಯಿಯಲ್ಲಿ ಅಲ್ಲ. ಹಾಗೆಂದು ನಮ್ಮ ಬಕೆಟ್ಟಿನ ನೀರೇನೂ ಗಂಗೆಯಲ್ಲ. ಬಕೆಟ್ಟು ತುಂಬ ಬಣ್ಣ ಕದಡುವ ಬದಲು ಬಾಟಲಿಯಿಂದ ಬೇಕಾದಷ್ಟೇ ಹುಯ್ಯುವುದು ಒಳ್ಳೆಯದು. ಸೋಡಾ ನೀರನ್ನು ಗಿಡದ ಬುಡಕ್ಕೆ, ಬಾವಿಯ ಬಳಿ ಚೆಲ್ಲಬೇಡಿ, ಊರಿನ ಒಳಚರಂಡಿಗೆ ಹೋಗುವ ಬಚ್ಚಲಿಗೆ ಬಿಡಿ.

ಮೊದಲ ಪ್ರಯೋಗಕ್ಕೆ ಹಳೆಯ ದಿಂಬಿನ ಗವಸು ಸಾಕು, ಒಂದೇ ಬಣ್ಣ ಸಾಕು. ಮಕ್ಕಳಿದ್ದರೆ ಗಂಟು ಕಟ್ಟಲು ಅವರನ್ನು ಕೂರಿಸಿ, ಬಣ್ಣದ ಪುಡಿ ಕದಡುವುದು ದೊಡ್ಡವರ ಕೆಲಸವಾಗಿರಲಿ. ಮುಂದೆ ಅಂಗಿ ಕೊಳ್ಳುವಾಗ ಕತ್ತಿನ ಹಿಂದಿನ ಚೀಟಿ ಓದಿ ಕೊಳ್ಳಿ, ನೂರಕ್ಕೆ ನೂರು ಹತ್ತಿಯದಾದರೆ ನಾಳೆ ಇನ್ನೊಂದು ಬಣ್ಣಕ್ಕೆ ದಾರಿಯಿರುತ್ತದೆ. ಮತ್ತೆ ಇದೊಂದನ್ನು ಮರೆಯಬೇಡಿ: ಹೊಸದಾಗಿ ಬಣ್ಣ ಹಾಕಿದ್ದನ್ನು ಮೊದಲ ಮೂರು ನಾಲ್ಕು ಸಲ ಬೇರೆಯಾಗಿಯೇ ಒಗೆಯಿರಿ, ಮನೆಯವರ ಬಿಳಿ ಪಂಚೆಗಳ ಜೊತೆ ಮೆಷಿನ್ನಿಗೆ ಹಾಕಬೇಡಿ.